ಜಾಲರಿ ಇದ್ದರೂ ಘಾಟ್‌ನಲ್ಲಿ ಕಲ್ಲು ಬೀಳುವುದೇಕೆ?

ಪ್ರಶ್ನೆ: ಪುಣೆ ಪಕ್ಕದ ಪಿಂಪ್ರಿಯಿಂದ ವಾರಕ್ಕೊಮ್ಮೆ ಮುಂಬೈಗೆ ಕಾರಿನಲ್ಲಿ ಹೋಗುತ್ತೇನೆ. ಖಂಡಾಲಾ ಘಾಟ್‌ನಲ್ಲಿ ಗುಡ್ಡಕ್ಕೆ ಕಬ್ಬಿಣದ ಜಾಲರಿ ಹೊದಿಸಿದ್ದಾರಲ್ಲ ಸರ್, ಇನ್ನು ಭಯ ಇಲ್ಲ ಅಲ್ವಾ?

ಪ್ರತಿ ಮಳೆಗಾಲದಲ್ಲೂ ಇದೇ ಪ್ರಶ್ನೆ! ಜಾಲರಿ ಗುಡ್ಡಕ್ಕೆ ಹಾಕಿದ ಬೀಗ ಅಲ್ಲ ಮಾರಾಯ್ರೆ. ಸಣ್ಣ ಕಲ್ಲು ರಸ್ತೆಗೆ ಹಾರದೆ ಬುಡಕ್ಕೆ ಜಾರಿ ಬೀಳಲಿ ಅಂತ ಅದನ್ನು ಹಾಕುವುದು. ಗುಡ್ಡವೇ ಜರಿದರೆ ಅದು ಸೊಳ್ಳೆ ಪರದೆಗೆ ಸಮ.

ಈ ಘಾಟ್ ಲಾವಾ ಪದರದ ಮೇಲೆ ಪದರ ಕೂತು ಆದದ್ದು. ಕಪ್ಪು ಕಲ್ಲು ಗಟ್ಟಿ, ಒಪ್ಪಿದೆ. ಆದರೆ ಪದರಗಳ ನಡುವೆ ಅಲ್ಲಲ್ಲಿ ಕೆಂಪು ಪಟ್ಟಿ ಇರುತ್ತದೆ, ನಾವು ರೆಡ್ ಬೋಲ್ ಅನ್ನುತ್ತೇವೆ. ನೀರು ಕುಡಿದರೆ ಅದು ಮೆತ್ತಗಾಗಿ ಕೊಚ್ಚಿ ಹೋಗುತ್ತದೆ, ಮೇಲಿನ ಬಂಡೆಗೆ ಆಸರೆ ತಪ್ಪುತ್ತದೆ. ರಸ್ತೆಗೆಂದು ಸಿಡಿಮದ್ದು ಇಟ್ಟು ಗುಡ್ಡ ಕಡಿದಾಗ ಬಿರುಕುಗಳೂ ಬಾಯಿ ಬಿಟ್ಟಿರುತ್ತವೆ. ಅದರೊಳಗೆ ನಿಂತ ನೀರು ಬಂಡೆಯನ್ನು ಹಿಂದಿನಿಂದ ನೂಕುತ್ತದೆ. 2015ರ ಜುಲೈನಲ್ಲಿ ಇದೇ ಘಾಟ್‌ನ ಆಡೋಶಿ ಸುರಂಗದ ಹತ್ತಿರ ಬಂಡೆ ಉರುಳಿ ಜನ ಸತ್ತದ್ದು ನೆನಪಿದೆಯಲ್ಲ?

ಹಾಗಾಗಿ ನಾನು ಮೊದಲು ನೋಡುವುದು ನೀರಿನ ದಾರಿ. ಗುಡ್ಡದ ನೆತ್ತಿಯಲ್ಲಿ ಮಳೆನೀರು ತಿರುಗಿಸುವ ಚರಂಡಿ ಬೇಕು, ಗುಡ್ಡ ತಡೆಯುವ ಗೋಡೆಯಲ್ಲಿ ನೀರು ಹೊರಬರುವ ಪೈಪು ಬೇಕು, ಆಮೇಲೆ ಸಡಿಲ ಬಂಡೆಯನ್ನು ಹಿಡಿದಿಡುವ ಬೋಲ್ಟು, ಕೊನೆಗೆ ಜಾಲರಿ. ಒಂದು ಘಾಟ್‌ನಲ್ಲಿ ಗೋಡೆಯ ಪೈಪಿಗೆ ಕೊಡೆಯ ತುದಿ ತೂರಿಸಿ ನೋಡಿದೆ. ಕೆಸರಿನ ಜೊತೆ ಚಿಪ್ಸ್ ಪ್ಯಾಕೆಟ್ ಬಂತು, ಹಿಂದೆಯೇ ನೀರು ಚಿಮ್ಮಿ ನನ್ನ ಅಂಗಿಯೆಲ್ಲ ಒದ್ದೆ. ಅಷ್ಟು ನೀರು ಗೋಡೆಯ ಹಿಂದೆ ಕೂತಿತ್ತು! ಪಕ್ಕದ ಎರಡು ಪೈಪಿಗೆ ಬಣ್ಣ ಹೊಡೆಯುವಾಗ ಸಿಮೆಂಟ್ ಮೆತ್ತಿ ಮುಚ್ಚಿದ್ದರು, ಚೆಂದ ಕಾಣಲಿ ಅಂತ ಇರಬೇಕು.

ಇನ್ನೊಂದು. ಮಳೆ ನಿಂತ ಮೇಲೂ ಕಲ್ಲು ಬೀಳುತ್ತದೆ. ಜೋರು ಮಳೆ ಸುರಿದ ರಾತ್ರಿ ನಾನಂತೂ ಘಾಟ್ ಇಳಿಯುವುದಿಲ್ಲ, ಪುಕ್ಕಲ ಅನ್ನಿ ಬೇಕಾದರೆ. ಕಡಿದ ಗುಡ್ಡದ ಬುಡದಲ್ಲಿ ಕಾರು ನಿಲ್ಲಿಸಿ ಸೆಲ್ಫಿ ತೆಗೆಯುವವರಿಗೆ ಏನು ಹೇಳಲಿ?

ಪ್ರಶ್ನೆ: ಲಾವಂಚ ನೆಟ್ಟರೆ ಗುಡ್ಡ ಜಾರುವುದೇ ಇಲ್ಲವಂತೆ?

ಸಸಿ ಮಾರುವವರು ಹೇಳಿದ್ದಾ? ಬೇರು ಮೇಲ್ಮಣ್ಣು ಹಿಡಿಯುತ್ತದೆ, ಬಂಡೆ ಹಿಡಿಯುವುದಿಲ್ಲ.

ಪ್ರಶ್ನೆ: ಘಾಟ್ ಭಾಗ ತಪ್ಪಿಸುವ ಹೊಸ ದಾರಿ, ಮಿಸ್ಸಿಂಗ್ ಲಿಂಕ್ ಇದ್ದರೆ ಚಿಂತೆ ಮುಗಿಯಿತಲ್ಲ?

ಸುಮಾರು 13 ಕಿ.ಮೀ. ದಾರಿ, ಅದರಲ್ಲಿ ಒಂದು ಸುರಂಗವೇ ಹೆಚ್ಚುಕಡಿಮೆ 9 ಕಿ.ಮೀ. ಒಳ್ಳೆಯ ಕೆಲಸ. ಆದರೆ ಸುರಂಗದ ಬಾಯಿ ಇರುವುದೂ ಗುಡ್ಡದಲ್ಲೇ, ಅಲ್ಲೂ ಚರಂಡಿ ಬಳಿಯಲೇಬೇಕು.

ಪ್ರಶ್ನೆ: ನ್ಯೂಟ್ರಲ್‌ನಲ್ಲಿ ಇಳಿದರೆ ಡೀಸೆಲ್ ಉಳಿಯುತ್ತಾ?

ಇಲ್ಲ. ಬ್ರೇಕ್ ಕಾದು ಕೈಕೊಡುತ್ತದೆ. ಹತ್ತುವ ಗೇರಿನಲ್ಲೇ ಇಳಿಯಿರಿ.

ಪ್ರಶ್ನೆ: ಹಾಗಾದರೆ ಮಳೆಗಾಲದಲ್ಲಿ ರೈಲೇ ವಾಸಿನಾ?

ಹಳಿ ಹಾಕಿರುವುದೂ ಅದೇ ಘಾಟ್‌ನಲ್ಲಿ ಸ್ವಾಮಿ.