ಡೀಸೆಲ್ ಲಾರಿಯ ಆರ್‌ಪಿಎಂ ಮುಳ್ಳು ಅಲುಗದಿದ್ದರೆ ದೋಷ ಮೀಟರಿನದೋ, ಸೆನ್ಸರಿನದೋ?

ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹೊತ್ತಿಸುವ ಇಗ್ನಿಷನ್ ಕಾಯಿಲ್ ಇಲ್ಲ, ಅದರಿಂದ ಸಂಕೇತ ಪಡೆಯಲೂ ಆಗದು; ಹಾಗಾಗಿ ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಸಂಕೇತ ಎಲ್ಲಿಂದ ಬರುತ್ತಿದೆ ಎಂಬುದನ್ನು ಮೊದಲು ತಿಳಿಯಬೇಕು. ಮೆಕ್ಯಾನಿಕಲ್ ಪಂಪಿನ ಹಳೆಯ ಲಾರಿಗಳಲ್ಲಿ ಅದು ಹೆಚ್ಚಾಗಿ, ಬೆಲ್ಟಿನಿಂದ ತಿರುಗಿ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿನ ‘ಡಬ್ಲ್ಯೂ’ ಟರ್ಮಿನಲ್‌ನಿಂದ ಬರುತ್ತದೆ. ಬೆಲ್ಟ್ ಜಾರಿದರೂ ಸಾಕು, ಮುಳ್ಳು ತಪ್ಪು ತೋರಿಸುತ್ತದೆ. ಡೀಸೆಲ್ ಸಿಂಪಡಣೆಯನ್ನು ಕಂಪ್ಯೂಟರ್ ನಿಯಂತ್ರಿಸುವ ಕಾಮನ್ ರೈಲ್ ಲಾರಿಗಳಲ್ಲಾದರೆ ಕ್ರ್ಯಾಂಕ್ ಸೆನ್ಸರಿನ (ಕ್ರ್ಯಾಂಕ್ ಶಾಫ್ಟ್ ತಿರುಗುವುದನ್ನು ಗ್ರಹಿಸುವ ಸೆನ್ಸರ್) ಸಂಕೇತದಿಂದ ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್, ವೇಗವನ್ನು ಲೆಕ್ಕಹಾಕಿ, ಸಾಮಾನ್ಯವಾಗಿ ಕ್ಯಾನ್ ವೈರುಗಳ (ಡೇಟಾ ಸಾಗಿಸುವ ಜೋಡಿ ವೈರು) ಮೂಲಕ ಮೀಟರಿಗೆ ಕಳುಹಿಸುತ್ತದೆ.

ಆದ್ದರಿಂದ ಎಂಜಿನ್ ಸರಾಗವಾಗಿ ಓಡುತ್ತಿದ್ದು ಮುಳ್ಳು ಮಾತ್ರ ನಿಂತಿದ್ದರೆ, ಸೆನ್ಸರ್ ಕೊಳ್ಳಲು ಅವಸರಪಡಬೇಕಾಗಿಲ್ಲ. ಕಾಮನ್ ರೈಲ್ ಲಾರಿಯಾದರೆ ಇಸಿಯುವಿನ ಮಾಹಿತಿ ಓದುವ ಸ್ಕ್ಯಾನರ್ ಜೋಡಿಸಿ ಲೈವ್ ಡೇಟಾ ನೋಡಿ. ಅಲ್ಲಿ ಆರ್‌ಪಿಎಂ ಸರಿಯಾಗಿದ್ದರೆ ದೋಷ ಮೀಟರಿನಲ್ಲಿ ಅಥವಾ ಅದರ ವೈರಿಂಗಿನಲ್ಲಿದೆ. ಸೆಲ್ಫ್ ಹೊಡೆಯುವಾಗ ಅಲ್ಲಿಯೂ ಸೊನ್ನೆಯೇ ಬಂದು ಎಂಜಿನ್ ಸ್ಟಾರ್ಟ್ ಆಗದಿದ್ದರೆ ಸೆನ್ಸರಿನತ್ತ ತಿರುಗಬೇಕು.

ಸೆನ್ಸರನ್ನು ಬಿಚ್ಚಿದಾಗ ಅದರ ಅಯಸ್ಕಾಂತದ ತುದಿಗೆ ಎಣ್ಣೆಯೊಂದಿಗೆ ಕಬ್ಬಿಣದ ಪುಡಿ ಮೆತ್ತಿಕೊಂಡಿರುವುದುಂಟು. ಎಷ್ಟೋ ಸಲ ಅದನ್ನು ಒರೆಸಿದರೇ ಕೆಲಸ ಮುಗಿಯುತ್ತದೆ. ಎರಡು ವೈರಿನ ಇಂಡಕ್ಟಿವ್ (ಒಳಗೆ ತಂತಿಯ ಸುರುಳಿಯಿರುವ) ಸೆನ್ಸರಾದರೆ ಕನೆಕ್ಟರ್ ಕಳಚಿ ಮಲ್ಟಿಮೀಟರಿನಿಂದ ಸೆನ್ಸರಿನ ಪಿನ್ನುಗಳ ನಡುವಿನ ಓಮ್ (ವಿದ್ಯುತ್ ರೋಧ) ಅಳೆಯಿರಿ: ಸಾಮಾನ್ಯವಾಗಿ ಕೆಲವು ನೂರರಿಂದ ಸಾವಿರದ ಆಸುಪಾಸು ಬರುತ್ತದೆ, ನಿಖರ ಮಿತಿ ಆಯಾ ಮಾದರಿಯ ಕೈಪಿಡಿಯಲ್ಲಿರುತ್ತದೆ. ಸೆಲ್ಫ್ ಹೊಡೆಯುವಾಗ ಅದೇ ಪಿನ್ನುಗಳಲ್ಲಿ ಎಸಿ ವೋಲ್ಟೇಜ್ ಕಾಣಿಸಲೇಬೇಕು. ಮೂರು ವೈರಿನ ಹಾಲ್ ಸೆನ್ಸರಿಗೆ (ಒಳಗೆ ಎಲೆಕ್ಟ್ರಾನಿಕ್ ಸರ್ಕ್ಯೂಟ್ ಇರುವಂಥದ್ದು) ಓಮ್ ಪರೀಕ್ಷೆ ಸಲ್ಲದು; ಇಗ್ನಿಷನ್ ಆನ್ ಮಾಡಿ ಪೂರೈಕೆಯ ವೋಲ್ಟೇಜನ್ನೂ (ಸಾಮಾನ್ಯವಾಗಿ 5 ವೋಲ್ಟ್) ಅರ್ತಿಂಗನ್ನೂ ನೋಡಬೇಕು.

ತಣ್ಣಗಿದ್ದಾಗ ಸರಿಯಾಗಿದ್ದು ಎಂಜಿನ್ ಕಾದ ಮೇಲೆ ಕೈಕೊಡುವ ಸೆನ್ಸರನ್ನು, ಬಿಸಿಯಿರುವಾಗಲೇ ಅಳೆಯದಿದ್ದರೆ ದೋಷ ಸಿಗುವುದಿಲ್ಲ.