ಜರ್ಮನ್ನಿನ 'ಶ್ಟೆರ್ಬೆನ್' ಮತ್ತು ನಮ್ಮ 'ಮರಣ' ಒಂದೇ ಮೂಲದ ಪದಗಳೇ?

ಅಲ್ಲ. ಅರ್ಥ ಒಂದೇ, ಬೇರು ಬೇರೆ. ಆದರೆ 'ಮರಣ'ದ ನೆಂಟನೊಬ್ಬ ಜರ್ಮನ್ನಿನಲ್ಲಿ ಖಂಡಿತ ಇದ್ದಾನೆ. ಅವನ ವಿಷಯ ಆಮೇಲೆ.

ಜರ್ಮನ್ ಕಲಿಯುವಾಗ ನಾನೂ ಶ್ಟೆರ್ಬೆನ್, ಶ್ಟರ್ಪ್, ಗೆಶ್ಟೊರ್ಬೆನ್ ಅಂತ ಮಗ್ಗಿಯ ಹಾಗೆ ಉರು ಹೊಡೆದವನೇ. ಇದು ಇಂಗ್ಲಿಷಿನ 'ಸ್ಟಾರ್ವ್' ಪದದ ಒಡಹುಟ್ಟು ಅಂತ ಹೊಳೆದದ್ದು ಎಷ್ಟೋ ದಿನದ ಮೇಲೆ. ಜರ್ಮನ್ನಿನಲ್ಲಿ 'ಬ' ಇರುವ ಕಡೆ ಇಂಗ್ಲಿಷಿನಲ್ಲಿ 'ವ' ಸಿಗುವುದು ಮಾಮೂಲು: ಗೇಬೆನ್–ಗಿವ್, ಹಾಬೆನ್–ಹ್ಯಾವ್, ಝೀಬೆನ್–ಸೆವೆನ್. ಹಳೆಯ ಇಂಗ್ಲಿಷಿನಲ್ಲಿ ಈ ಕ್ರಿಯಾಪದಕ್ಕೆ 'ಸಾಯು' ಅಂತಷ್ಟೇ ಅರ್ಥ, ಹಸಿವಿನ ಮಾತೇ ಇರಲಿಲ್ಲ. ಆಮೇಲೆ 'ಡೈ' ಬಂದು ಅದರ ಜಾಗ ಹಿಡಿಯಿತು, ಪಾಪ 'ಸ್ಟಾರ್ವ್' ಉಪವಾಸಕ್ಕೆ ಬಿತ್ತು. ಉತ್ತರ ಇಂಗ್ಲೆಂಡಿನ ಆಡುಮಾತಿನಲ್ಲಿ ಮಾತ್ರ ಅದಕ್ಕೆ ಚಳಿಯಿಂದ ಮರಗಟ್ಟು ಅನ್ನುವ ಅರ್ಥವೂ ಉಳಿದುಕೊಂಡಿತು.

ಈ ಮರಗಟ್ಟುವುದೇ ಮೂಲಕ್ಕೆ ಹತ್ತಿರ. ಶ್ಟೆರ್ಬೆನ್ ಹಿಂದಿರುವ ಇಂಡೋ-ಯುರೋಪಿಯನ್ (ಸಂಸ್ಕೃತ, ಲ್ಯಾಟಿನ್, ಜರ್ಮನ್ ಎಲ್ಲ ಸೇರಿದ ಭಾಷಾ ಕುಟುಂಬ) ಧಾತುವಿಗೆ 'ಬಿರುಸಾಗು, ಸೆಟೆದುಕೊಳ್ಳು' ಎಂಬ ಅರ್ಥವಿತ್ತು ಅನ್ನುವುದು ಭಾಷಾಶಾಸ್ತ್ರಜ್ಞರ ಸಾಮಾನ್ಯ ಅಭಿಪ್ರಾಯ. ಬಿರುಸು ಅನ್ನುವ ಜರ್ಮನ್ ಪದ 'ಶ್ಟಾರ್' ಕೂಡ ಅದೇ ಮನೆಯದು. ಸ್ಕ್ಯಾಂಡಿನೇವಿಯಾದ ಹಳೆಯ ನಾರ್ಸ್ ಭಾಷೆಯ 'ಸ್ಟ್ಯಾರ್ವಿ' ಅಂದರೆ ಮೈ ಸೆಟೆಯುವ ಕಾಯಿಲೆ. ಚಳಿಗೆ ಬೆರಳು ಜೋಮು ಹಿಡಿದರೆ ಜರ್ಮನ್ನರು ಇವತ್ತಿಗೂ 'ಅಬ್‌ಗೆಶ್ಟೊರ್ಬೆನ್', ಅಂದರೆ ಸತ್ತೇ ಹೋಗಿದೆ, ಅನ್ನುತ್ತಾರೆ.

ಹಾಗಾಗಿ ನನ್ನ ಊಹೆ: ಇದು ಮೊದಲು ಸಾವನ್ನು ನೇರವಾಗಿ ಹೇಳದೆ ಕಣ್ಣಿಗೆ ಕಂಡದ್ದನ್ನಷ್ಟೇ ಹೇಳುತ್ತಿದ್ದ ಮಾತು. ನಮ್ಮಲ್ಲೂ 'ಬೆಳಗ್ಗೆ ನೋಡಿದರೆ ಕರು ಸೆಟೆದುಕೊಂಡು ಬಿದ್ದಿತ್ತು' ಅಂದರೆ ಸತ್ತಿತ್ತು ಅಂತ ಬಿಡಿಸಿ ಹೇಳಬೇಕಾಗಿಲ್ಲವಲ್ಲ? ಜರ್ಮನ್, ಡಚ್, ಇಂಗ್ಲಿಷ್ ಸೇರಿದ ಪಶ್ಚಿಮ ಜರ್ಮ್ಯಾನಿಕ್ ಭಾಷೆಗಳಲ್ಲಿ ಮಾತ್ರ ಅದೇ ಸಾವಿನ ಮಾಮೂಲಿ ಪದವಾಗಿ ನಿಂತಿತು. ಡಚ್ಚರ 'ಸ್ಟೆರ್ವೆನ್' ಹಾಗೇ ಇದೆ. ಇವುಗಳ ನೆಂಟನಾದ, ಈಗ ಅಳಿದುಹೋಗಿರುವ ಗಾಥಿಕ್‌ನಲ್ಲಿ ಸಾಯುವುದಕ್ಕೆ ಬೇರೆಯೇ ಪದ.

ಇನ್ನು ಆ ನೆಂಟ. 'ಮರಣ', 'ಮೃತ', 'ಅಮೃತ'ಗಳ ಹಿಂದಿರುವ ಸಂಸ್ಕೃತದ 'ಮೃ' ಧಾತುವಿನ ಬಳಗದ್ದೇ ಲ್ಯಾಟಿನ್‌ನ 'ಮೋರ್ಸ್', ಅಂದರೆ ಸಾವು. ಜರ್ಮನ್ನಿನಲ್ಲಿ ಅದೇ ಬಳಗದ ಪದ 'ಮೊರ್ಡ್' ಆಗಿ ಉಳಿದಿದೆ. ಅರ್ಥ ಸಾವಲ್ಲ, ಕೊಲೆ. ಮಾಮೂಲಿ ಸಾವನ್ನು ಶ್ಟೆರ್ಬೆನ್ ನೋಡಿಕೊಂಡಿತು, ಈ ಹಳೇ ಪದದ ಪಾಲಿಗೆ ಉಳಿದದ್ದು ಪೊಲೀಸ್ ಕೇಸು.

ಅಂದಹಾಗೆ ನಮ್ಮ 'ಸಾಯು' ಈ ಎರಡೂ ಮನೆಗೆ ಸೇರಿದ್ದಲ್ಲ. ಅದು ದ್ರಾವಿಡದ್ದು, ತಮಿಳಿನ 'ಸಾ', ತೆಲುಗಿನ 'ಚಚ್ಚು' ಅದರ ಬಳಗ.