ಪರಿಚಯ ಕೇಳಿದರೆ ವಶೀಲಿಯೇ? ಮೂರು ವರ್ಷದ ಬಿಡುವಿನ ನಂತರ ಕೆಲಸ ಹುಡುಕಿದವರ ಪ್ರಕರಣ

(ಗುರುತು ಸಿಗದಿರಲೆಂದು ಊರು, ವಯಸ್ಸು, ಕೆಲಸದ ಕೆಲವು ವಿವರಗಳನ್ನು ಬದಲಿಸಲಾಗಿದೆ.)

ಸಲಹೆ ಕೇಳಿ ನಮ್ಮಲ್ಲಿಗೆ ಬಂದವರು 32ರ ಮಹಿಳೆ, ಮೆಕ್ಯಾನಿಕಲ್ ಡಿಪ್ಲೊಮಾ ಓದಿದವರು. ಪೀಣ್ಯದ ಆಟೊ ಬಿಡಿಭಾಗಗಳ ಕಾರ್ಖಾನೆಯೊಂದರ ಕ್ವಾಲಿಟಿ ವಿಭಾಗದಲ್ಲಿ 6 ವರ್ಷ ದುಡಿದಿದ್ದರು. ಅದರಲ್ಲಿ 4 ವರ್ಷ ಸಿಎಂಎಂ (ಬಿಡಿಭಾಗಗಳ ಅಳತೆಯನ್ನು ನಿಖರವಾಗಿ ತೆಗೆಯುವ) ಯಂತ್ರದ ಮೇಲೆ. ಹೆರಿಗೆಗೆಂದು ತವರಿಗೆ ಹೋದವರು ಮತ್ತೆ ಕೆಲಸಕ್ಕೆ ಹೊರಡುವಷ್ಟರಲ್ಲಿ 3 ವರ್ಷ ಕಳೆದಿತ್ತು. ಜಾಬ್ ಪೋರ್ಟಲ್‌ಗಳಲ್ಲಿ ನೂರಕ್ಕೂ ಹೆಚ್ಚು ಅರ್ಜಿ ಹಾಕಿದ್ದರು. ಕರೆ ಬಂದದ್ದು ಮೂರು, ಮೂರೂ "ಗ್ಯಾಪ್ ಯಾಕೆ?" ಎಂಬಲ್ಲಿಗೇ ನಿಂತವು.

ಅಷ್ಟರಲ್ಲಿ ಮಾವನವರು ತಮ್ಮ ಸ್ನೇಹಿತರ ಗೋದಾಮಿನಲ್ಲಿ ಲೆಕ್ಕ ಬರೆಯುವ ಕೆಲಸ ಗೊತ್ತು ಮಾಡಿದ್ದರು. ಸಂಬಳ ಹಳೆಯದರ ಅರ್ಧ. ಒಲ್ಲೆ ಎಂದರೆ ಮಾವನವರ ಮಾತು ಮೀರಿದಂತೆ, ಹೂಂ ಎಂದರೆ ಕಲಿತ ವಿದ್ಯೆಗೆ ತುಕ್ಕು. ಹಳೆಯ ಪರಿಚಯದವರನ್ನು ಕೇಳಿದಿರಾ ಎಂದಾಗ ಬಂದ ಉತ್ತರ: "ಮೂರು ವರ್ಷ ಒಂದು ಫೋನ್ ಮಾಡಿಲ್ಲ ಮೇಡಂ. ಈಗ ಕೆಲಸ ಬೇಕಾದಾಗ ನೆನಪಾದ್ವಾ ಅಂತಾರೆ. ಅಲ್ಲದೆ ವಶೀಲಿ ಹಚ್ಚೋದು ನನಗೆ ಹಿಡಿಸಲ್ಲ."

ಮೊದಲು ಬಿಡಿಸಬೇಕಾದ್ದು ಈ ಗಂಟು. ವಶೀಲಿಯಲ್ಲಿ ಅರ್ಹತೆ ನೋಡುವ ಹಂತವನ್ನೇ ಹಾರಿಸುತ್ತಾರೆ. ರೆಫರಲ್, ಅಂದರೆ ಪರಿಚಯದವರು ನಿಮ್ಮ ಹೆಸರನ್ನು ಕಂಪನಿಗೆ ಸೂಚಿಸುವುದು, ಆ ಹಂತದ ಬಾಗಿಲವರೆಗೆ ಮಾತ್ರ ತಲುಪಿಸುತ್ತದೆ, ಅಳತೆ ತೆಗೆದು ತೋರಿಸಬೇಕಾದವರು ನೀವೇ. ಹಾಗೆ ನೋಡಿದರೆ ಇವರ ಮುಂದಿದ್ದ ಅಪ್ಪಟ ವಶೀಲಿ ಗೋದಾಮಿನ ಕೆಲಸವೇ. ಇದನ್ನು ಹೇಳಿದಾಗ ಅವರಿಗೆ ನಗು ಬಂತು.

ಎರಡನೆಯದು, ಯಾರನ್ನು ಕೇಳಬೇಕು ಎಂಬುದು. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, ಪರಿಚಯದ ಮೂಲಕ ಕೆಲಸ ಹಿಡಿದವರಲ್ಲಿ ಸುಳಿವು ಕೊಟ್ಟವರನ್ನು ಪದೇ ಪದೇ ಕಾಣುತ್ತಿದ್ದವರು ಶೇ 16.7 ಮಾತ್ರ, ಅಪರೂಪಕ್ಕೆ, ಅಂದರೆ ವರ್ಷಕ್ಕೊಮ್ಮೆ ಅಥವಾ ಅದಕ್ಕೂ ಕಡಿಮೆ ಕಾಣುತ್ತಿದ್ದವರು ಶೇ 27.8. ಉಳಿದವರದು ಆಗೊಮ್ಮೆ ಈಗೊಮ್ಮೆ ಕಾಣುವ ಪರಿಚಯ. ಕಾರಣ ಸರಳ: ಮನೆಯವರಿಗೆ, ಆಪ್ತರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ. ಹಾಗೆಂದು ಲಿಂಕ್ಡ್‌ಇನ್‌ನಲ್ಲಿ ಕಂಡಕಂಡವರಿಗೆಲ್ಲ ರಿಕ್ವೆಸ್ಟ್ ಕಳಿಸಿದರೂ ಆಗದು. ಅದರ ಸುಮಾರು 2 ಕೋಟಿ ಬಳಕೆದಾರರ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹೆಚ್ಚು ಉಪಯೋಗಕ್ಕೆ ಬಂದದ್ದು ತೀರಾ ತೆಳುವೂ ಅಲ್ಲದ, ಗಾಢವೂ ಅಲ್ಲದ ನಡುವಿನ ಪರಿಚಯಗಳು.

ಫೋನಿನಲ್ಲಿರುವ ಹೆಸರುಗಳಿಂದ ಪಟ್ಟಿ ಮಾಡಬೇಡಿ, ಕೆಲಸದ ದಾರಿ ಹಿಡಿದು ಮಾಡಿ ಎಂದು ಸೂಚಿಸಲಾಯಿತು. ನೀವು ತೆಗೆದ ರಿಪೋರ್ಟ್ ಯಾರ ಟೇಬಲ್ಲಿಗೆ ಹೋಗುತ್ತಿತ್ತು? ಆಡಿಟ್‌ಗೆ ಗ್ರಾಹಕ ಕಂಪನಿಯಿಂದ ಯಾರು ಬರುತ್ತಿದ್ದರು? ಗೇಜ್‌ಗಳು (ಅಳತೆ ಸಾಧನಗಳು) ಕ್ಯಾಲಿಬ್ರೇಶನ್‌ಗೆ, ಅಂದರೆ ನಿಖರತೆಯ ಪರೀಕ್ಷೆಗೆ, ಎಲ್ಲಿಗೆ ಹೋಗುತ್ತಿದ್ದವು, ಫಿಕ್ಸ್ಚರ್ (ಬಿಡಿಭಾಗವನ್ನು ಅಲುಗದಂತೆ ಹಿಡಿಯುವ ಸಾಧನ) ಮಾಡಿಕೊಡುತ್ತಿದ್ದವರು ಯಾರು? ಹೀಗೆ 17 ಹೆಸರು ಬಂದವು. ಗೇಟಿನ ಹೊರಗಿನ ಟೀ ಅಂಗಡಿಯ ಮಾತುಕತೆಗೆ ಇವರು ಎಂದೂ ಸೇರಿದವರಲ್ಲ (ಕಾರ್ಖಾನೆಯ ಹೆಂಗಸರಿಗೆ ಸುದ್ದಿ ತಡವಾಗಿ ತಲುಪುವುದು ಇಲ್ಲಿಯೇ), ಆದ್ದರಿಂದ ಈ ಪಟ್ಟಿ ಇನ್ನೂ ಮುಖ್ಯ. ಅದರಲ್ಲಿ ಅತಿ ಬೆಲೆಯುಳ್ಳ ಹೆಸರು ಮ್ಯಾನೇಜರರದಲ್ಲ, ಯಂತ್ರದ ಸರ್ವಿಸ್ ಎಂಜಿನಿಯರ್‌ನದು. ಆತ ಹತ್ತಾರು ಕಾರ್ಖಾನೆ ಸುತ್ತುತ್ತಾನೆ. ಎಲ್ಲಿ ಹೊಸ ಯಂತ್ರ ಬಂತು, ಎಲ್ಲಿ ಆಪರೇಟರ್ ಬಿಟ್ಟುಹೋದ ಎಂಬುದು ಜಾಹೀರಾತಿಗೂ ಮುಂಚೆ ಅವನಿಗೆ ಗೊತ್ತಿರುತ್ತದೆ.

ಆತನಿಗೆ ಕಳಿಸಲೆಂದು ಇವರು ಬರೆದುಕೊಂಡಿದ್ದ ಸಂದೇಶ "ಸರ್, ಎಲ್ಲಾದರೂ ಕೆಲಸ ಇದ್ರೆ ಹೇಳಿ" ಎಂದಿತ್ತು. ಇದಕ್ಕೆ "ನೋಡೋಣ" ಅನ್ನದೆ ಬೇರೆ ಉತ್ತರವಿಲ್ಲ. ತಿದ್ದಿದ್ದು ಹೀಗೆ:

"ನಮಸ್ತೆ ಸರ್. ಗೇರ್ ಹೌಸಿಂಗ್ ಲೈನಿನ ಸಿಎಂಎಂ ನೋಡಿಕೊಳ್ಳುತ್ತಿದ್ದೆ. ಪ್ರೋಬ್ ಹಾಳಾದಾಗ ನೀವು ರಾತ್ರಿವರೆಗೆ ನಿಂತು ಸರಿ ಮಾಡಿಕೊಟ್ಟಿದ್ರಿ. ಮಗಳಿಗೆ ಎರಡೂವರೆ ವರ್ಷ ಆಯ್ತು, ಮತ್ತೆ ಕೆಲಸಕ್ಕೆ ಬರಬೇಕು ಅಂತಿದ್ದೀನಿ. ನೀವು ಹೋಗೋ ಕಡೆ ಈಗ ಯಾವ ಸಾಫ್ಟ್‌ವೇರ್ ಹೆಚ್ಚು ಕೇಳ್ತಾರೆ? ಬಿಡುವಾದಾಗ ಹತ್ತು ನಿಮಿಷ ಮಾತಾಡಬಹುದಾ?"

ಹಳೆಯ ನೆನಪು ಒಂದು, ಈಗಿನ ಸ್ಥಿತಿ ಒಂದು ಸಾಲು, ಅವರಿಗೆ ಖಂಡಿತ ಉತ್ತರ ಗೊತ್ತಿರುವ ಪ್ರಶ್ನೆ ಒಂದು. ಗ್ಯಾಪ್ ಅನ್ನು ಮೊದಲೇ ಹೇಳಿಬಿಟ್ಟರೆ ಅದು ಪ್ರಶ್ನೆಯಾಗಿ ಉಳಿಯುವುದಿಲ್ಲ. ವಾರಕ್ಕೆ ಐದೇ ಸಂದೇಶ. ತಿಂಗಳ ಕೊನೆಯ ನಾಲ್ಕು ದಿನ ಬೇಡ, ಡಿಸ್ಪ್ಯಾಚ್ ಗಡಿಬಿಡಿಯಲ್ಲಿ ಯಾರೂ ಓದುವುದಿಲ್ಲ. ಎಂಟು ದಿನವಾದರೂ ಉತ್ತರವಿಲ್ಲದಿದ್ದರೆ ಒಮ್ಮೆ ನೆನಪಿಸಿ, ಅಲ್ಲಿಗೆ ಬಿಡಿ.

"ರೆಸ್ಯೂಮೆ ಕಳಿಸಿ" ಎಂದರೆ ಜಾಬ್ ಐಡಿ (ಆ ಹುದ್ದೆಗೆ ಕಂಪನಿ ಕೊಟ್ಟ ಸಂಖ್ಯೆ), ರೆಸ್ಯೂಮೆಯ ಪಿಡಿಎಫ್, ಮತ್ತು ಅವರು ಹಾಗೇ ಎಚ್‌ಆರ್‌ಗೆ ಕಳಿಸಬಹುದಾದ ಎರಡು ಸಾಲು ಒಟ್ಟಿಗೆ ಹೋಗಬೇಕು. ಹೆಚ್ಚಿನವರು ಎಡವುವುದು ಇಲ್ಲೊಂದು ಕಡೆ: ಅದೇ ಕಂಪನಿಗೆ ಪೋರ್ಟಲ್‌ನಲ್ಲಿ ಮೊದಲೇ ಅರ್ಜಿ ಹಾಕಿದ್ದರೆ ಹಲವು ಕಂಪನಿಗಳಲ್ಲಿ ರೆಫರಲ್ ದಾಖಲಾಗುವುದೇ ಇಲ್ಲ, ಇಮೇಲ್ ಆಗಲೇ ಸಿಸ್ಟಮ್‌ನಲ್ಲಿರುತ್ತದೆ. ನೂರು ಅರ್ಜಿ ಹಾಕಿದ ಇವರು ಆ ಕಂಪನಿಗಳ ಪಟ್ಟಿ ಇಟ್ಟುಕೊಂಡು ರೆಫರ್ ಮಾಡುವವರಿಗೆ ಮುಂಚೆಯೇ ಹೇಳಬೇಕಾಯಿತು. ಹಳೆಯ ಕಂಪನಿಯ ಡ್ರಾಯಿಂಗ್, ರಿಪೋರ್ಟ್‌ಗಳನ್ನು ಮಾದರಿಯೆಂದು ತೋರಿಸಕೂಡದು. ರೆಫರಲ್‌ಗೆ ದುಡ್ಡು ಕೇಳುವವರ ನಂಬರ್ ಬ್ಲಾಕ್ ಮಾಡಿ.

ಮಾವನವರಿಗೆ "ಬೇಡ" ಅನ್ನುವ ಬದಲು "ಎಂಟು ವಾರ ಸಮಯ ಕೊಡಿ" ಎಂದು ಕೇಳಲು ಹೇಳಲಾಯಿತು. ಸಹಾಯ ಮಾಡಬೇಕೆಂಬ ಅವರ ಆಸೆ ನಿಜವಾದದ್ದೇ. ಆದ್ದರಿಂದ ಬೆಳಿಗ್ಗೆ ಮಗುವನ್ನು ಪ್ಲೇಹೋಮಿಗೆ ಬಿಡುವ ಹೊಣೆ ಅವರಿಗೆ ಹೋಯಿತು.

ಆರು ವಾರದಲ್ಲಿ 11 ಜನ ಉತ್ತರಿಸಿದರು. "ಈಗ ನೆನಪಾದ್ವಾ" ಎಂದವರು ಒಬ್ಬರು, ಅದೂ ನಗುತ್ತ. ಬೊಮ್ಮಸಂದ್ರದ ಕಾರ್ಖಾನೆಯೊಂದರಲ್ಲಿ ಎರಡನೇ ಯಂತ್ರ ಬಂದು ಆಪರೇಟರ್ ಇಲ್ಲದೆ ನಿಂತಿದೆ ಎಂಬ ಸುದ್ದಿ ಸರ್ವಿಸ್ ಎಂಜಿನಿಯರ್‌ನಿಂದಲೇ ಬಂತು. ಎರಡು ಗಂಟೆ ಯಂತ್ರದ ಮೇಲೆ ಪರೀಕ್ಷೆ ನಡೆಯಿತು. ಆಫರ್ ಬಂದಿದೆ, ಹಳೆಯ ಸಂಬಳಕ್ಕಿಂತ ಸ್ವಲ್ಪ ಕಡಿಮೆಗೆ. ಆರು ತಿಂಗಳಿಗೆ ಸಂಬಳ ಪರಿಷ್ಕರಣೆಯನ್ನು ಬರಹದಲ್ಲಿ ಕೇಳಲು ಹೇಳಿದ್ದೇವೆ. ಉತ್ತರ ಕೊಟ್ಟ ಉಳಿದ ಹತ್ತು ಜನರಿಗೆ ಕೆಲಸ ಸಿಕ್ಕ ಸುದ್ದಿ ತಿಳಿಸುವುದು ಬಾಕಿಯಿದೆ, ಮುಂದಿನ ಭೇಟಿಯೊಳಗೆ ಅದನ್ನು ಮುಗಿಸಿಕೊಂಡು ಬರಬೇಕು.